ಹಾರ್ನಿಲ್ಲದ ಫೋರ್ಡ್

ನಡುರಾತ್ರಿ ಹಿಂದಿನ ಓಣಿಯಿಂದ 'ಪೋಂ' ಎಂದು ಒಂದೇ ಸಲ ಕೇಳಿಸಿತು. ಆಳಂದದ ಪೊಲೀಸ್ ಠಾಣೆಯಲ್ಲಿ ಪಾಳಿಯಲ್ಲಿದ್ದ ಜವಾನ ಮಲ್ಕಪ್ಪ ತಲೆಯೆತ್ತಿದ. ಮತ್ತೆ ಕೇಳಲಿಲ್ಲ.

1940ರ ಮಾರ್ಚ್ ಹನ್ನೆರಡು, ಬೆಳಿಗ್ಗೆ. ಮಾದನಹಿಪ್ಪರಗಾದ ತೊಗರಿ ವ್ಯಾಪಾರಿ ಗುರಣ್ಣ, ಠಾಣೆಯ ಅಧಿಕಾರಿ ಅಮೀನ ವ್ಯಂಕಟೇಶರಾಯರ ಮುಂದೆ ದೂರು ಬರೆಸಿದ. ತೀರಿಕೊಂಡ ವಕೀಲ ಗುರುರಾಜರ ಫೋರ್ಡ್ ಮೋಟಾರಿಗೆ ನಿನ್ನೆ ಸಂಚಕಾರದ ಮುಂಗಡ ಕೊಟ್ಟಿದ್ದ. ಇಂದು ಒಯ್ಯಲು ಬಂದರೆ ಕೈಯಲ್ಲಿ ಹಿಸುಕಿ ಬಾರಿಸುವ ಅದರ ರಬ್ಬರ್ ಹಾರ್ನು ಇಲ್ಲ.

"ದರ ಹ್ಯಾಂಗ ಕುದುರಿಸಿದಿ?"

"ಎತ್ತಿನ ಬಜಾರದಾಗ ಮಾಡಿದಂಗ್ರಿ ಸಾಹೇಬ್ರ, ಟವೆಲ್ ಕೆಳಗ ಕೈಬಟ್ಟು ಹಿಡದು. ವಕೀಲ್ರ ಹೆಂಡ್ತಿ ಬಾಯಾರ ಪರವಾಗಿ ಅವರ ಡ್ರೈವರ್ ಭಗವಂತ ಟವೆಲ್ ಕೆಳಗ ಕೈ ಇಟ್ಟ. ಟಾಯರ್ ಒತ್ತಿದೆ, ಇಂಜಿನ್ ಸಪ್ಪಳ ಕೇಳಿದೆ. ಒಂಬೈನೂರು ನ್ಯಾಯದ ದರ. ಹಾರ್ನ್ ಅವನೇ ಬಿಚ್ಯಾನ್ರಿ. ಮೋಟಾರ್ ಮಾರಿದ್ರ ಅವನ ನೌಕರಿ ಹೋಗ್ತದಲ್ಲ."

ಭಗವಂತನನ್ನು ಠಾಣೆಯಲ್ಲಿ ಕೂರಿಸಿದರು.

"ಮೋಟಾರ್ ಹೊಡಕೊಂಡು ಹೋಗಾವ ಯಾರೋ ಗುರಣ್ಣ?" ಎಂದ ಮಲ್ಕಪ್ಪ. "ಹೊಡ್ಯಾವನ್ನ ನೀನೇ ಒಳಗ ಹಾಕಿಸಿದಿ."

ಪಂಚನಾಮೆ ನಡೆಯಿತು. ಟಾಯರು, ಬ್ಯಾಟರಿ, ದೀಪ ಎಲ್ಲ ಇದ್ದವು. ಹಾರ್ನು ಬಿಚ್ಚಿದ ಜಾಗದಲ್ಲಿ ಸ್ಕ್ರೂಗಳನ್ನು ಮತ್ತೆ ಬಿಗಿಯಾಗಿ ಕೂರಿಸಲಾಗಿತ್ತು. ಕಳ್ಳನಿಗೆ ಅಷ್ಟು ವ್ಯವಧಾನ ಇರುವುದಿಲ್ಲ ಎಂದು ಅಮೀನರಿಗೆ ಅನಿಸಿತು.

ಪಕ್ಕದ ಮನೆಯ ಖಾಸೀಂಬಿಯನ್ನು ವಿಚಾರಿಸಿದರು.

"ರಾತ್ರಿ ಹಾರ್ನ್ ಕೇಳಿದ್ರೇನ್ರಿ?"

"ಕೇಳೀನ್ರಿ. ವಕೀಲ್ರು ಅಫಜಲಪುರದಿಂದ ತಡಾಗಿ ಬಂದಾಗ ಓಣಿ ತಿರುವಿನ್ಯಾಗ ಒಮ್ಮೆ ಬಾರಸ್ತಿದ್ರು. ಬಾಯಾರು ಒಲಿ ಮ್ಯಾಲ ರೊಟ್ಟಿ ಹಂಚು ಇಡ್ತಿದ್ರು. ಈಗೂ ಒಮ್ಮೊಮ್ಮೆ ಕೇಳ್ತದ್ರಿ. ಬಾಯಾರನ್ನ ನಾ ಏನೂ ಕೇಳಂಗಿಲ್ಲ."

ವಕೀಲರ ಹೆಂಡತಿ ಲೀಲಾಬಾಯಿ ಬಾಗಿಲ ಮರೆಯಲ್ಲಿ ನಿಂತಿದ್ದರು. ವಕೀಲರು ಹೋದ ಮೇಲೆ ಅವರಲ್ಲಿ ಮಾರಲು ಉಳಿದಿದ್ದದ್ದು ಆ ಮೋಟಾರೊಂದೇ.

"ಬಾಯಾರ, ನಿಮ್ಮಲ್ಲಿ ಎತ್ತು ಮಾರಿದ್ರ ಹಗ್ಗ ಕೊಡ್ತೀರೇನ್ರಿ?" ಎಂದು ಅಮೀನರು ಕೇಳಿದರು.

"ಇಲ್ರಿ. ಕೊಂಡವ್ರು ಹೊಸ ಹಗ್ಗ ತರಬೇಕು. ಹಳೇದು ಮನ್ಯಾಗ ಉಳೀಬೇಕು."

ಅಮೀನರು ಮೋಟಾರಿನ ಬಿಗಿದ ಸ್ಕ್ರೂಗಳತ್ತ ನೋಡಿದರು. ಆಕೆಯೇ ಮುಂದುವರಿಸಿದರು.

"ಭಗವಂತನ್ನ ಬಿಡ್ರಿ. ಗುರಣ್ಣಗ ನೂರು ರೂಪಾಯಿ ಕಡಿಮಿ ಕೊಡಾಕ ಹೇಳ್ರಿ."

"ಕಲಬುರ್ಗ್ಯಾಗ ಹೊಸಾ ಹಾರ್ನ್ ಆರು ರೂಪಾಯಿಗೆ ಸಿಗ್ತದ್ರಿ."

"ಗೊತ್ತದ್ರಿ."

ನೂರು ಕಡಿಮೆ ಎಂದ ಕೂಡಲೇ ಗುರಣ್ಣ ದೂರು ಹಿಂತೆಗೆದುಕೊಂಡ. ಭಗವಂತನನ್ನೇ ಡ್ರೈವರ್ ಆಗಿ ಇಟ್ಟುಕೊಂಡ. ಮೋಟಾರು ಓಡಿಸಲು ಬಾರದ ಅವನಿಗೆ ಬೇರೆ ದಾರಿಯೂ ಇರಲಿಲ್ಲ. ಓಣಿ ತಿರುವಿನಲ್ಲಿ ಭಗವಂತನ ಕೈ ಹಾರ್ನಿದ್ದ ಜಾಗಕ್ಕೆ ಹೋಗಿ ಬರಿದೇ ಮರಳಿತು.

"ಹಂಗಾರ ಕಳ್ಳ ಯಾರ್ರಿ ಸಾಹೇಬ್ರ?" ಎಂದು ಮಲ್ಕಪ್ಪ ಕೇಳಿದ.

"ದೂರೇ ಇಲ್ಲ, ಕಳ್ಳ ಎಲ್ಲಿಂದ ಬರ್ತಾನ?" ಎಂದು ಅಮೀನರು ಕಾಗದ ಮಡಿಚಿದರು.

ಆ ರಾತ್ರಿಯೂ ಪಾಳಿ ಮಲ್ಕಪ್ಪನದೇ. ಫೋರ್ಡ್ ಆಗಲೇ ಮಾದನಹಿಪ್ಪರಗಾ ಸೇರಿತ್ತು. ಊರೆಲ್ಲ ಮಲಗಿದ ಮೇಲೆ ಹಿಂದಿನ ಓಣಿಯಿಂದ 'ಪೋಂ' ಎಂದು ಒಂದೇ ಸಲ ಕೇಳಿಸಿತು. ಅವನು ಎದ್ದು ಹೊರಗೆ ಬಂದ. ವಕೀಲರ ಮನೆಯ ಅಡುಗೆಕೋಣೆಯ ಕಿಟಕಿಯಲ್ಲಿ ಒಲೆಯ ಬೆಳಕು ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ಆರಿತು.

ಬೆಳಿಗ್ಗೆ ಪಾಳಿ ಬದಲಾಯಿಸಲು ಬಂದ ದಶರಥ, ರಾತ್ರಿ ಏನಾದರೂ ನಡೆಯಿತೇ ಎಂದು ಕೇಳಿದ.

"ಏನಿಲ್ಲಪ್ಪ," ಎಂದ ಮಲ್ಕಪ್ಪ. ಇನ್ನು ಯಾರು ಕೇಳಿದರೂ ಅಷ್ಟೇ ಹೇಳಬೇಕೆಂದು ಅವನು ರಾತ್ರಿಯೇ ನಿಶ್ಚಯಿಸಿದ್ದ.