ಕನ್ನಡದಲ್ಲಿ ಹಾಕಿದ ಸಹಿ

"ವಕೀಲರು ಬೇಕಾಗಿತ್ರಿ," ಎಂದ ಎರ್ರಿಸ್ವಾಮಿ, ಬಾಗಿಲಲ್ಲೇ ನಿಂತು.

"ಅದಕ್ಕs ಇಲ್ಲಿ ಕುಂತೀನಿ," ಎನ್ನುತ್ತಾ ತಲೆ ಎತ್ತಿದ ಉಷಾರಾಣಿಯ ಕೈಯಲ್ಲಿ ಪೆನ್ನು ನಿಂತುಬಿಟ್ಟಿತು.

ಹನ್ನೆರಡು ವರ್ಷದಿಂದ ಆಂಧ್ರದ ಗಡಿಯೂರು ರಾಯದುರ್ಗದ ಬಜಾರಿನಲ್ಲಿ ಈ ಮನುಷ್ಯ ಎದುರಾದಾಗಲೆಲ್ಲ ಅವಳು ರಸ್ತೆಯ ಆ ಬದಿಗೆ ದಾಟಿಕೊಳ್ಳುತ್ತಿದ್ದಳು. ಊರಿನಲ್ಲಿ ಇಷ್ಟು ಮಂದಿ ವಕೀಲರಿರುವಾಗ ಇವನಿಗೆ ತನ್ನ ಮೆಟ್ಟಿಲೇ ಆಗಬೇಕಿತ್ತೇ? ಆದರೂ ಕುರ್ಚಿ ತೋರಿಸಿದಳು. ಬಂದ ಕಕ್ಷಿದಾರನನ್ನು ಕೂರಿಸುವುದು ವೃತ್ತಿಧರ್ಮ ಎಂದು ತನಗೆ ತಾನೇ ಸಮಜಾಯಿಷಿ ಹೇಳಿಕೊಂಡಳು.

"ಬ್ಯಾರೆ ಯಾರೂ ಸಿಗಲಿಲ್ಲೇನು, ಮಾಸ್ಟರ್?"

"ಸಿಕ್ಕಿದ್ರಿ. ಒಬ್ರು ತಪ್ಪು ಒಪ್ಕೊಂಡುಬಿಡು ಅಂದ್ರು. ಇನ್ನೊಬ್ರು ರಾಜಿ ಮಾಡ್ಕೋ ಅಂದ್ರು. ನೀವು ಹಿಡಿದ ಜಗಳ ಬಿಡಂಗಿಲ್ಲ ಅಂತ ಕೋರ್ಟಿನಾಗ ಎಲ್ರೂ ಹೇಳ್ತಾರ."

"ಇದು ಹೊಗಳಿಕಿನೋ, ಬೈಗಳೋ?"

"ಕೇಳಿದ್ದು ಹೇಳಿದೆ, ಅಷ್ಟ ರಿ."

ಅವನ ತುಟಿಯ ಅಂಚಿಗೆ ನಗು ಬಂತು. ಅವಳ ಮುಖ ನೋಡಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಬೆರಳುಗಳು ಮಾತ್ರ ಆಗಿನ ಹಾಗೆಯೇ ಇದ್ದವು, ಉದ್ದಕ್ಕೆ, ಚಾಕ್‌ಪೀಸಿನ ನೀಲಿ ಹತ್ತಿಸಿಕೊಂಡು. ಅವನ್ನು ನೋಡಬಾರದೆಂದು ಅವಳು ಫೈಲು ತೆರೆದಳು.

ಎರ್ರಿಸ್ವಾಮಿ ಜೀನ್ಸ್ ಹೊಲಿಯುವ ಶೆಡ್ಡಿನಲ್ಲಿ ಕಟಿಂಗ್ ಮಾಸ್ಟರ್. ಕೈಕೆಳಗೆ ನಲವತ್ತು ಟೈಲರುಗಳು. ಶೆಡ್ಡಿನಿಂದ ಒಂಬತ್ತು ಸುರುಳಿ ಬಟ್ಟೆ ಕಾಣೆಯಾದಾಗ ಗುಮಾಸ್ತ ಗೋವರ್ಧನ್ ಮಾಲೀಕನ ಮುಂದೆ ಒಂದು ಕಾಗದ ಇಟ್ಟಿದ್ದ. ತೆಲುಗಿನಲ್ಲಿ ಕೈಯಿಂದ ಬರೆದದ್ದು: ಬಟ್ಟೆ ತೆಗೆದುಕೊಂಡವನು ನಾನೇ, ತಿಂಗಳೊಳಗೆ ತಂದುಕೊಡುತ್ತೇನೆ. ಕೆಳಗೆ ಕನ್ನಡದಲ್ಲಿ ಎರ್ರಿಸ್ವಾಮಿಯ ಸಹಿ. ಕಳ್ಳತನದ ಕೇಸಾಯಿತು, ಹನ್ನೊಂದು ದಿನ ಜೈಲಾಯಿತು, ಜಾಮೀನೂ ಸಿಕ್ಕಿತು. ಆ ಕಾಗದ ಕೋರ್ಟಿನಲ್ಲಿ ನಿಂತರೆ ಮತ್ತೆ ಜೈಲೇ.

"ಸಹಿ ನಿಮ್ಮದೇನು?"

"ನಂದ ರಿ. ಶೆಡ್ಡಿನ ಕೀಲಿ ಒಪ್ಪಿಸಿದ್ದಕ್ಕ ರಸೀದಿ ಬರೆದೀನಿ ಅಂತ ಗೋವರ್ಧನ್ ಅಂದ್ರು."

"ಅವ್ರು ಅಂದದ್ದು ಇರ್ಲಿ. ನೀವು ಓದಿದ್ರಾ?"

"ನೋಡಿದೆ," ಎಂದ ಅವನು, ಫ್ಯಾನಿನ ಕಡೆ ನೋಡುತ್ತಾ.

ಹಿಂದೆ ಅವಳ ಕಾಗದವನ್ನೂ ಹೀಗೇ ನೋಡಿದ್ದ. ಆಗ ಅವಳ ಅಪ್ಪ ಕೊಟ್ರಬಸಪ್ಪನವರ ಬಟ್ಟೆ ಅಂಗಡಿಯ ಜಗಲಿಯಲ್ಲಿ ಇವನ ಮಿಷಿನ್ ಇತ್ತು. ಅಳತೆಗೆಂದು ಕೊಟ್ಟ ರವಿಕೆಯ ಒಳಗೆ ಇಪ್ಪತ್ಮೂರರ ಉಷಾರಾಣಿ ಒಂದು ಕಾಗದ ಮಡಿಚಿಟ್ಟಿದ್ದಳು. ಅವನು ಬಿಡಿಸಿದ, ಕಣ್ಣು ಮೇಲಿಂದ ಕೆಳಗೆ ಇಳಿಸಿದ, ತಲೆಯಾಡಿಸಿ ಜೇಬಿಗೆ ಸೇರಿಸಿದ. ಅಷ್ಟೇ. ಉತ್ತರ ನಾಳೆ ಬರುತ್ತದೆ, ಹುಣ್ಣಿಮೆಗೆ ಬರುತ್ತದೆ, ಯುಗಾದಿಗೆ ಬರುತ್ತದೆ ಎಂದು ಅವಳು ಕಾದಳು. ಬಾರದಿದ್ದಾಗ ಕಾನೂನು ಓದಲು ಅನಂತಪುರಕ್ಕೆ ಹೊರಟುಹೋದಳು. ಆಮೇಲೆ ಬಂದ ಸಂಬಂಧಗಳಿಗೆಲ್ಲ ಒಂದೊಂದು ಕೊಂಕು ತೆಗೆದಳು. "ಊರ ಮಂದಿ ಜಗಳೆಲ್ಲಾ ಇಕಿಗೆ ಬೇಕು, ತನ್ನದೊಂದು ಸಂಸಾರ ಬ್ಯಾಡ," ಎಂದು ತಾಯಿ ಶಂಕ್ರಮ್ಮ ಇಂದಿಗೂ ಅನ್ನುತ್ತಿದ್ದರು. ಉಣ್ಣುವಾಗ ಎದುರಿನ ಖಾಲಿ ಜಾಗವನ್ನು ನೋಡುವುದು ಅವಳಿಗೆ ಎಂದೂ ಅಭ್ಯಾಸವಾಗಲಿಲ್ಲ.

ಈಗ ಅವನು ಹೇಳಿದ್ದನ್ನೆಲ್ಲ ತೆಲುಗಿನಲ್ಲಿ ಬರೆದುಕೊಂಡು ಅವನ ಮುಂದೆ ತಳ್ಳಿದಳು. ಅವಳದು ಮನೆಯಲ್ಲಿ ಕನ್ನಡ, ಓದು ಬರಹವೆಲ್ಲ ತೆಲುಗು. ರಾಯದುರ್ಗದಲ್ಲಿ ಇದೇನೂ ಹೊಸದಲ್ಲ.

"ಓದಿ, ಎಲ್ಲಾ ಸರಿ ಇದ್ರ ಸಹಿ ಮಾಡ್ರಿ."

ಅವನ ಕಣ್ಣು ಮೇಲಿಂದ ಕೆಳಗೆ ಇಳಿದವು. ತಲೆಯಾಡಿಸಿದ. "ಸರಿ ಐತ್ರಿ."

ಕಾಗದ ವಾಪಸು ತೆಗೆದುಕೊಂಡಾಗ ಅವಳಿಗೆ ತನ್ನದೇ ತಪ್ಪು ಕಂಡಿತು. ಬೆಳಗಿನ ಕಕ್ಷಿದಾರನ ಊರು ತಲೆಯಲ್ಲಿತ್ತೇನೋ.

"ಮಾಸ್ಟರ್, ನಿಮ್ಮ ಊರು ಯಾವುದು?"

"ಡಿ. ಹಿರೇಹಾಳ್ ರಿ."

"ಇಲ್ಲಿ ಬೆಳುಗುಪ್ಪ ಅಂತ ಬರೆದೀನಿ. ಸರಿ ಐತಿ ಅಂದ್ರೆಲ್ಲ, ಯಾಕ?"

ಅವನು ಬೆರಳಿಗೆ ಹತ್ತಿದ ನೀಲಿಯನ್ನು ಉಜ್ಜಿಕೊಂಡ.

"ನನಗ ತೆಲುಗು ಓದಾಕ ಬರಂಗಿಲ್ರಿ," ಎಂದ ಕೊನೆಗೆ. "ಮಾತಾಡ್ತೀನಿ. ಬಸ್ಸಿನ ಬೋರ್ಡು ತಿಳಿತೈತಿ, ಎರಡೂ ಅಕ್ಷರ ಅಕ್ಕ-ತಂಗಿ ಇದ್ದಂಗ ಅದಾವು. ಕೈಲೆ ಕೂಡಿಸಿ ಬರೆದ್ರ ಒಂದೂ ಹತ್ತಂಗಿಲ್ಲ. ಏಳನೇ ತನಕ ಕನ್ನಡ ಸಾಲಿ, ಆಮ್ಯಾಲ ಕತ್ತರಿ ಹಿಡಿದೆ. ಓದಿದಂಗ ಮಾಡಿ ತಲಿ ಆಡಸೋದು ರೂಢಿ ಆಗೇತಿ."

"ಹಂಗಾದ್ರ... ನನ್ನ ಕಾಗದ?"

"ಅದೂ ಅಷ್ಟ ರಿ."

ಅಳು, ಸಿಟ್ಟು, ನಗು ಮೂರೂ ಒಟ್ಟಿಗೆ ಬಂದವು ಉಷಾರಾಣಿಗೆ. ಕನ್ನಡ ಮಾತಾಡಿಕೊಂಡೇ ಪ್ರೀತಿಸಿ ತೆಲುಗಿನಲ್ಲಿ ಬರೆದವಳು ತಾನು. ಇವನಿಗೆ ಓದಲು ಬರುತ್ತದೆಯೇ ಎಂಬ ಯೋಚನೆಯೇ ಅವಳಿಗೆ ಬಂದಿರಲಿಲ್ಲ.

"ಯಾರ ಕೈಲಾದ್ರೂ ಓದಿಸಬೇಕಿಲ್ಲ?"

"ಹೆಣ್ಣುಮಗಳ ಕಾಗದ ರಿ. ಯಾರಿಗೆ ಕೊಡ್ಲಿ? ಊರಿಗೆಲ್ಲ ಡಂಗುರ ಹೊಡದಂಗ ಆಗ್ತಿತ್ತು."

"ನನ್ನs ಕೇಳಬಹುದಿತ್ತು."

"ನೀವು ಮಾಸ್ಟರ್ ಅಂತ ಕರೀತಿದ್ರಿ. ಮಾಸ್ಟರ್‌ಗೆ ಓದಾಕ ಬರಂಗಿಲ್ಲ ಅಂತ ನಿಮ್ಮ ಮುಂದ ಹೆಂಗ ಹೇಳ್ಲಿ?" ಅವನ ದನಿ ಇಳಿಯಿತು. "ಆಮ್ಯಾಲ ನೀವು ಅನಂತಪುರಕ್ಕ ಹೋದ್ರಿ. ಬಜಾರಿನಾಗ ಕಂಡ್ರ ರಸ್ತೆ ದಾಟತಿದ್ರಿ. ನನ್ನ ಸುದ್ದಿಗೆ ಬರಬ್ಯಾಡ ಅಂತ ಬರೆದಿರಬೇಕು ಅಂದ್ಕೊಂಡೆ. ಆದ್ರೂ ಜೇಬಿನಾಗ ಇಟ್ಕೊಂಡು ತಿರುಗಿದೆ, ಬೆವರಿಗೆ ನೆನೆದು ಹರಿದು ಹೋಗೋ ತನಕ. ಏನು ಬರೆದಿದ್ರಿ?"

"ಈಗ ನೀವು ನನ್ನ ಕಕ್ಷಿದಾರ್ರು. ಕೇಸಿನ ಮಾತಷ್ಟ," ಎಂದಳು. ದನಿ ಮಾತ್ರ ವಕೀಲರ ಹಾಗಿರಲಿಲ್ಲ. "ಗೋವರ್ಧನ್ ತಂದ ಕಾಗದ ಬೀಳಬೇಕಂದ್ರ ಒಂದs ದಾರಿ. ಓದಾಕ ಬರಂಗಿಲ್ಲ ಅಂತ ನೀವs ಕಟಕಟೆಯಾಗ ನಿಂತು ಹೇಳಬೇಕು."

"ಬ್ಯಾಡ್ರಿ. ನಲವತ್ತು ಟೈಲರು ಬಂದು ಕುಂದಿರ್ತಾರ. ನಾಳಿ ನನ್ನ ಮಾತು ಯಾರು ಕೇಳ್ತಾರ?"

"ಆ ನಾಚಿಕಿಗೆ ನಮ್ಮಿಬ್ಬರದೂ ಹನ್ನೆರಡು ವರ್ಷ ಹೋದುವು ಮಾಸ್ಟರ್. ಇನ್ನ ಉಳಿದದ್ದೂ ಅದಕ್ಕs ಕೊಡ್ತೀರೇನು?"

ಅವನು ಎದ್ದುಹೋದ. ಅವಳು ಬಾಗಿಲು ಮುಂದೆ ಮಾಡಿಕೊಂಡು ಚೆನ್ನಾಗಿ ಅತ್ತಳು.

ವಾಯಿದೆ ಮೇಲೆ ವಾಯಿದೆ ಬಿದ್ದು ಎಂಟು ತಿಂಗಳು ಕಳೆದವು. ಪ್ರತಿ ವಾಯಿದೆಗೂ ಅವನು ಬರುತ್ತಿದ್ದ, ಎರಡು ಮಾತಾಡಿ ಹೋಗುತ್ತಿದ್ದ. ಗೆದ್ದರೆ ಇವನು ಇನ್ನು ಬರುವುದಿಲ್ಲ, ಸೋತರೆ ಬರಲಾರ ಎಂದು ಅವಳಿಗೆ ಎರಡೂ ಕಡೆಯಿಂದ ಭಯವಾಗುತ್ತಿತ್ತು.

"ಮಾಸ್ಟರ್‌ಗೆ ಕಾಗದ ಓದಿ ಹೇಳಿದವರು ಯಾರು?" ಎಂದು ಅವಳು ಪಾಟೀಸವಾಲಿನಲ್ಲಿ ಕೇಳಿದಾಗ ಗೋವರ್ಧನ್ ಧೈರ್ಯವಾಗಿಯೇ ಹೇಳಿದ: ಯಾರೂ ಇಲ್ಲ, ಮಾಸ್ಟರೇ ಕೈಯಲ್ಲಿ ಹಿಡಿದು ಪೂರ್ತಿ ಓದಿಕೊಂಡರು. ಅವಳಿಗೆ ಬೇಕಾಗಿದ್ದದ್ದು ಅದೇ ಉತ್ತರ. ಅವನು ಓದಿದ್ದು ಕನ್ನಡವೊಂದೇ ಎಂದು ಡಿ. ಹಿರೇಹಾಳಿನ ಶಾಲೆಯಿಂದ ದಾಖಲೆ ಬಂತು. ಇನ್ನು ಅವನೊಬ್ಬ ಬಾಯಿ ಬಿಡಬೇಕಿತ್ತು. ಅವನು ಕಟಕಟೆ ಹತ್ತಬೇಕಿದ್ದ ದಿನ ಬೆಳಿಗ್ಗೆಯವರೆಗೂ ಹೂಂ ಅಂದಿರಲಿಲ್ಲ.

ಹಿಂದಿನ ಬೆಂಚುಗಳ ತುಂಬ ಟೈಲರುಗಳಿದ್ದರು. ಎರ್ರಿಸ್ವಾಮಿ ಕಟಕಟೆ ಹತ್ತಿ ಅವರನ್ನೊಮ್ಮೆ ನೋಡಿದ. ಆಮೇಲೆ ಜಡ್ಜ್ ಕಡೆ ತಿರುಗಿ ಅಚ್ಚ ತೆಲುಗಿನಲ್ಲಿ, "ನಾಕು ತೆಲುಗು ಚದವಡಂ ರಾದು ಸಾರ್," ಎಂದ. ತೆಲುಗು ಓದಲು ಬರುವುದಿಲ್ಲ ಎಂದು ಇಷ್ಟು ಚೆಂದದ ತೆಲುಗಿನಲ್ಲಿ ಹೇಳಿದ್ದಕ್ಕೆ ಯಾರೋ ನಕ್ಕರು.

ಸರ್ಕಾರಿ ವಕೀಲರು ಬಿಡಲಿಲ್ಲ. ಇಷ್ಟು ವರ್ಷ ಶೆಡ್ಡು ನಡೆಸಿದವನು, ಓದಲು ಬಾರದೆ ಹೇಗೆ ನಡೆಸಿದೆ?

"ನಡೆಸಿದೆ ಸಾರ್," ಎಂದ ಅವನು. "ಆದರೆ ಬಹಳ ಕಳೆದುಕೊಂಡೆ."

ಕೋರ್ಟಿಗೆ ಆ ಮಾತು ಏನೂ ಅನ್ನಿಸಲಿಲ್ಲ. ಉಷಾರಾಣಿ ಮಾತ್ರ ಫೈಲಿನಲ್ಲಿ ಮುಖ ಹುದುಗಿಸಿ, ಇಲ್ಲದ ಪುಟವೊಂದನ್ನು ಹುಡುಕಿದಳು.

ಹದಿನೈದು ದಿನಕ್ಕೆ ತೀರ್ಪು ಬಂತು. ಖುಲಾಸೆ. ಟೈಲರುಗಳು ಮಾಸ್ಟರನ ಕೈ ಕುಲುಕಿ ಆಟೋ ಹತ್ತಿದರು. ಕೋರ್ಟಿನ ಆವರಣ ಬರಿದಾದಾಗ ಇಬ್ಬರೇ ಉಳಿದರು.

"ಈಗ ನಾನು ನಿಮ್ಮ ಕಕ್ಷಿದಾರ ಅಲ್ಲಲ್ರಿ," ಎಂದ ಅವನು. "ಏನು ಬರೆದಿದ್ರಿ?"

"ಅದನ್ನ ಬರೆದಾಕಿ ಒಬ್ಬಾಕಿ ಹುಡುಗಿ ಮಾಸ್ಟರ್. ಅಕಿ ಕಾದು ಕಾದು ಹೋಗಿಬಿಟ್ಲು. ಅಕಿ ಮಾತು ನನ್ನ ಬಾಯಾಗ ಬರಂಗಿಲ್ಲ."

ಅವನ ಮುಖ ಸಣ್ಣಗಾಯಿತು. ಹೋಗುತ್ತಾನೆ ಎಂದುಕೊಂಡಳು. ಹೋಗಲಿಲ್ಲ.

"ಹಂಗಾದ್ರ ನಾನs ಹೇಳ್ತೀನಿ," ಎಂದ. "ನನಗ ನಲವತ್ತು ಆತು. ಸಂಜಿಕ ಮಿಷಿನ್ ನಿಂತ್ವು ಅಂದ್ರ ನನ್ನ ಸಂಗಾಟ ಮಾತಾಡೋರು ಯಾರೂ ಇಲ್ಲ. ಮನಸ್ಸಿನಾಗ ನಿಮ್ಮನ್ನ ಬಿಟ್ಟು ಬ್ಯಾರೆ ಯಾರೂ ಬರಲಿಲ್ಲ. ನನ್ನ ಮದಿವಿ ಆಗ್ತೀರೇನ್ರಿ?"

ದಿನವಿಡೀ ವಾದಿಸುವವಳು ಫೈಲನ್ನು ಎದೆಗೆ ಒತ್ತಿಕೊಂಡಳು.

"ಯೋಚನಿ ಮಾಡಿ ಹೇಳ್ರಿ," ಎಂದ ಅವನು, ಮೆಲ್ಲಗೆ. "ಟೈಮ್ ತಗೊಳ್ರಿ."

"ವಾಯಿದೆ ತಗೊಂಡಿದ್ದು ಸಾಕಾಗೇತಿ ಮಾಸ್ಟರ್," ಎಂದಳು ಉಷಾರಾಣಿ. ಕಣ್ಣು ತುಂಬಿ ಬಂದವು, ಒರೆಸಿಕೊಳ್ಳಲಿಲ್ಲ. "ಆಗ್ತೀನಿ."