ನಲ್ಲಿಗೆ ಬಂದ ನೀಲಿ

ತೋಟದ ಮನೆಯ ಅಡುಗೆಮನೆ ನಲ್ಲಿಯಿಂದ ನೀಲಿ ನೀರು ಬಂತು...

ಅವಳು ಥಟ್ಟನೆ ನಲ್ಲಿ ನಿಲ್ಲಿಸಿದಳು. ಆ ಬಣ್ಣವನ್ನು ಬೆಳಿಗ್ಗೆ ತೋಟದ ಮಣ್ಣಿಗೆ ಸುರಿದವಳು ಅವಳೇ!

ಬೆಳೆಗೆ ಹೊಡೆದ ಕೀಟನಾಶಕ ಮಣ್ಣಿನಲ್ಲಿ ಎಷ್ಟು ಬೇಗ ಇಳಿಯುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ. ಈ ಜೇಡಿಮಣ್ಣು ದಾಟಿ ಅಂತರ್ಜಲ ಮುಟ್ಟಲು ವರ್ಷಗಟ್ಟಲೆ ಬೇಕು ಎಂದಿತ್ತು ಲೆಕ್ಕ. ಅದನ್ನು ಪರೀಕ್ಷಿಸಲೆಂದೇ ಅಪಾಯವಿಲ್ಲದ ಬಣ್ಣ ಸುರಿದು ನೀರು ಹಾಯಿಸಿದ್ದಳು. ಮಧ್ಯಾಹ್ನಕ್ಕೇ ಅದು ಈ ನಲ್ಲಿಗೆ ನೀರು ಕೊಡುವ ಬಾವಿ ಸೇರಿತ್ತು.

ಬಿರುಕುಗಳು... ಒಣಗಿದ ಜೇಡಿಮಣ್ಣು ಬಾಯಿಬಿಟ್ಟ ಸಂದುಗಳಲ್ಲಿ ನೀರು ಸೋಸಿಹೋಗದೆ ನೇರ ಕೆಳಗಿಳಿದಿತ್ತು. ಅವನ್ನು ಲೆಕ್ಕಕ್ಕೆ ಹಿಡಿಯುವುದನ್ನೇ ಮರೆತಿದ್ದಳು ಈ ಜಾಣೆ.

ತೋಟದವನು ಬಾಗಿಲಲ್ಲಿ ನಿಂತಿದ್ದ. ಪರೀಕ್ಷೆಗೆ ಮಣ್ಣು ತೆಗೆಯುವಾಗೆಲ್ಲ ಅವಳಿಗೆ ಅಗೆಯುವ ಕೊಳವೆ ಹಿಡಿದುಕೊಡುತ್ತಾ, ಇಲ್ಲದ ನೆಪ ತೆಗೆದು ಮಾತಿಗೆಳೆಯುತ್ತಿದ್ದವನು. ಹೋದ ವಾರವಷ್ಟೇ ಅವಳ ಲೆಕ್ಕ ನಂಬಿ ಬೆಳೆಗೆ ಔಷಧಿ ಹೊಡೆದಿದ್ದ. ಒಳಗೆ ಅವನ ಅಕ್ಕ ಹಸುಗೂಸಿಗೆ ಬಾಟಲಿ ಹಿಡಿದಿದ್ದಳು. ಹಾಲಿನಪುಡಿ ಕಲಸುತ್ತಿದ್ದುದು ಈ ನೀರಿನಲ್ಲೇ.

ಅವನ ಮುಖ ಬಿಳಿಚಿಕೊಂಡಿತು. ಮಗುವನ್ನು ಎತ್ತಿಕೊಂಡು, ಅಕ್ಕನನ್ನು ಕಾರಿನಲ್ಲಿ ಕೂರಿಸಿಕೊಂಡು ಆಸ್ಪತ್ರೆಗೆ ಹೊರಟೇಬಿಟ್ಟ. ಅವಳತ್ತ ತಿರುಗಿಯೂ ನೋಡಲಿಲ್ಲ.

ಅವಳು ಫೋನ್ ಮಾಡಿದಳು. ಅವನು ಎತ್ತಲಿಲ್ಲ. ಮತ್ತೆ ಮಾಡಿದಳು.

'ನನ್ನ ಮುಖ ನೋಡಲೂ ಅಸಹ್ಯವಾಗಿರಬೇಕು... ಮಗುವಿಗೆ ಏನಾದರೂ ಆದರೆ?'

ಮೇಲಧಿಕಾರಿಗೆ ತಿಳಿಸಿದರೆ, ನೀರಿನ ಪರೀಕ್ಷೆಯ ವರದಿ ಬರುವವರೆಗೆ ಯಾರಿಗೂ ಬಾಯಿ ಬಿಡಬೇಡ ಎಂದರು. ಅವಳು ಆಸ್ಪತ್ರೆಗೆ ಓಡಿದಳು.

ಅವನು ಮೆಟ್ಟಿಲ ಮೇಲೆ ಕುಳಿತಿದ್ದ. ಮಗು ಸದ್ಯಕ್ಕೆ ಚೆನ್ನಾಗಿದೆ, ರಕ್ತ ಪರೀಕ್ಷೆಗೆ ಹೋಗಿದೆ ಎಂದ. ಅವಳು ಅವನ ಪಕ್ಕದಲ್ಲಿ ಕುಳಿತಳು.

"ತಪ್ಪು ನಂದು. ನೀವು ನನ್ನ ಮಾತು ನಂಬಿದ್ರಿ."

"ಔಷಧಿ ಹೊಡೆದ ಕೈ ನಂದಲ್ವಾ?" ಅವನು ತನ್ನ ಅಂಗೈ ನೋಡಿಕೊಂಡ. "ನನ್ನ ಕಂಡ್ರೆ ನಿಮಗೆ ಅಸಹ್ಯ ಆಗಿರತ್ತೇನೋ ಅಂತ ಹೆದರಿ ಫೋನ್ ಎತ್ಲಿಲ್ಲ."

ಇಬ್ಬರೂ ಒಂದೇ ಭಯವನ್ನು ಬಚ್ಚಿಟ್ಟುಕೊಂಡು ಕುಳಿತಿದ್ದರು, ಹುಚ್ಚರು!

ಆಗ ಅವಳಿಗೆ ತೋಟದ ಇಳಿಜಾರಿನ ಮನೆಗಳು ನೆನಪಾದವು. ಅಲ್ಲಿನ ಬಾವಿಗಳಿಗೂ ಇದೇ ನೀರು ಹರಿಯುತ್ತದೆ. ಅಲ್ಲಿಯೂ ಮಕ್ಕಳಿದ್ದಾರೆ. ವರದಿ ಬರುವವರೆಗೆ ಬಾಯಿ ಮುಚ್ಚಿಕೊಂಡಿದ್ದರೆ ಅವಳ ನೌಕರಿ ಉಳಿಯುತ್ತದೆ, ಆದರೆ ಆ ಮಕ್ಕಳು?

ಅವಳು ಎದ್ದು ನಿಂತಳು. ಮಗುವಿನ ಬಳಿ ಅಕ್ಕ ಇದ್ದಳು; ಅವನೂ ಎದ್ದ.

ಇಳಿಜಾರಿನ ಮೊದಲ ಮನೆಯ ಬಾಗಿಲನ್ನು ಅವಳೇ ತಟ್ಟಿದಳು. ಅವನು ಅವಳ ಇನ್ನೊಂದು ಕೈಯನ್ನು ಹಿಡಿದುಕೊಂಡ. ಬಾಗಿಲು ತೆರೆದ ಅಜ್ಜಿ, ಯಾರಪ್ಪಾ ನೀವು ಎಂದು ಕೇಳಿದರು.

"ನಾನು ಮೇಲಿನ ತೋಟದವನು, ಅಜ್ಜಿ. ಇವರು... ನಾನು ಮದುವೆ ಆಗ್ಬೇಕು ಅಂತಿರೋರು. ಇನ್ನೂ ಅವರನ್ನ ಕೇಳಿಲ್ಲ."

ಅವಳು ಬೆಚ್ಚಿ ಅವನತ್ತ ನೋಡಿದಳು. ಭಯ ಹೋಗಿರಲಿಲ್ಲ. ಆದರೂ ಕೈ ಬಿಡಿಸಿಕೊಳ್ಳಲಿಲ್ಲ.

"ನಾನು ಒಪ್ಪಿದೀನಿ, ಅಜ್ಜಿ," ಎಂದಳು. "ನೀವು ಮೊದಲು ನಿಮ್ಮ ಬಾವಿ ನೀರು ಕುಡಿಯೋದು ನಿಲ್ಸಿ."