ರೆಪ್ಪೆಯ ನೇರಳೆ

ಅವಳ ರೋಗವನ್ನು ಮೊದಲು ಕಂಡವನು ನಾನೇ. ಕಂಡು ಹೊಗಳಿದ ಮೂರ್ಖನೂ ನಾನೇ.

ನನ್ನದು ಪೇಂಟ್ ಅಂಗಡಿಯಲ್ಲಿ ಬಣ್ಣ ಬೆರೆಸುವ ಕೆಲಸ. ಶಾಲೆಯ ಗೋಡೆಗೆ ಹಳೆಯ ಬಣ್ಣವೇ ಬೇಕೆಂದು, ಉದುರಿದ ಚಕ್ಕೆಯೊಂದನ್ನು ಹಿಡಿದು ಬಂದಿದ್ದಳು ಟೀಚರ್. ನಾನು ಚಕ್ಕೆ ಬಿಟ್ಟು ಅವಳ ರೆಪ್ಪೆಗಳನ್ನು ನೋಡುತ್ತಾ ನಿಂತೆ. ತೆಳು ನೇರಳೆ.

"ಎಲ್ಲಾ ಬಣ್ಣ ಬೆರೆಸ್ತೀನಿ ಟೀಚರ್. ನೀವು ಕಣ್ಣಿಗೆ ಹಚ್ಚಿರೋದು ಮಾತ್ರ ನನ್ನ ಕೈಲಿ ಆಗಲ್ಲ."

"ನಾನೇನೂ ಹಚ್ಚಿಲ್ಲ ಬಣ್ಣದವ್ರೇ. ಗೋಡೆ ನೋಡಿ, ಸಾಕು," ಎಂದು ನಕ್ಕಳು.

ನಾನು ನಂಬಲಿಲ್ಲ. ಗೋಡೆಯ ಕೆಲಸ ಮುಗಿದರೂ ನಮ್ಮ ಭೇಟಿ ನಿಲ್ಲಲಿಲ್ಲ; ಐದು ತಿಂಗಳು ಆ ರೆಪ್ಪೆಗಳನ್ನು ಹಾಡಿ ಹೊಗಳಿದೆ. ಅಷ್ಟರಲ್ಲಿ ಅವಳು ಬೋರ್ಡಿನ ಕೆಳಗಿನ ಅರ್ಧದಲ್ಲಷ್ಟೇ ಬರೆಯತೊಡಗಿದ್ದಳು. ತಲೆ ಬಾಚಲು ಅಮ್ಮ ಬೇಕಾಯಿತು. ಕುರ್ಚಿಯಿಂದ ಏಳುವಾಗ ಮೇಜು ಹಿಡಿದು, "ಮುದುಕಿ ಆದೆ, ಬೇರೆ ಹುಡುಗೀನ ನೋಡ್ಕೊಳ್ಳಿ," ಎಂದು ಛೇಡಿಸುತ್ತಿದ್ದಳು. ಮೊದಲ ಡಾಕ್ಟರು ರಕ್ತದ ರಿಪೋರ್ಟ್ ನೋಡಿ ಲಿವರ್ ತೊಂದರೆ ಎಂದು ಮಾತ್ರೆ ಕೊಟ್ಟರು. ಕೆಮ್ಮು ಶುರುವಾದ ಮೇಲೆ ದೊಡ್ಡ ಆಸ್ಪತ್ರೆಗೆ ಹೋದೆವು.

ಅಲ್ಲಿನ ಡಾಕ್ಟರಮ್ಮ ಅವಳ ಬೆರಳ ಗೆಣ್ಣುಗಳ ಮೇಲಿನ ಕೆಂಪು ಗುಳ್ಳೆಗಳನ್ನು ಸವರಿದರು. "ರೆಪ್ಪೆ ಯಾವಾಗಿಂದ ಹೀಗಿದೆ?"

"ಇವ್ರನ್ನ ಕೇಳಿ. ಕನ್ನಡಿಗಿಂತ ಹೆಚ್ಚು ಇವ್ರೇ ನೋಡಿರೋದು."

ನಾವು ಮೊದಲು ಭೇಟಿಯಾದ ತಾರೀಕನ್ನೇ ಹೇಳಿದೆ. ಡಾಕ್ಟರಮ್ಮ ಬರೆದುಕೊಂಡರು. ಸ್ನಾಯುಗಳ ಉರಿಯೂತವಂತೆ, ರೆಪ್ಪೆಯ ನೇರಳೆಯೇ ಅದರ ಮೊದಲ ಗುರುತಂತೆ, ಮೈ ಕಾಯಬೇಕಾದ ಶಕ್ತಿಯೇ ಮೈಯನ್ನು ತಿನ್ನುವುದಂತೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು. ತೊಡೆಯಿಂದ ಚೂರು ಸ್ನಾಯು ತೆಗೆದು ಪರೀಕ್ಷಿಸಿದರು. ಸ್ಕ್ಯಾನ್ ಮಾಡಿದಾಗ ಶ್ವಾಸಕೋಶಕ್ಕೂ ಹಬ್ಬಿತ್ತು. ಸ್ಟೀರಾಯ್ಡ್‌ನಿಂದ ಅವಳ ಮುಖ ಊದಿತು, ಉಸಿರು ಮಾತ್ರ ಸುಧಾರಿಸಲಿಲ್ಲ.

"ಹೊಗಳೋ ಬದಲು ಆವತ್ತೇ ಡಾಕ್ಟರ್ ಹತ್ರ ಕರ್ಕೊಂಡು ಹೋಗಿದ್ರೆ..." ಎಂದೆ.

"ಸುಮ್ನಿರಿ. ನನ್ನನ್ನ ಯಾರೂ ಹಾಗೆ ನೋಡಿರ್ಲಿಲ್ಲ," ಎಂದಳು ಆಕ್ಸಿಜನ್ ಮಾಸ್ಕಿನೊಳಗಿಂದ. "ಅದನ್ನ ವಾಪಸ್ ಕೇಳ್ಬೇಡಿ."

ಆಸ್ಪತ್ರೆ ಸೇರಿದ ಹನ್ನೊಂದನೇ ದಿನ ಮಧ್ಯಾಹ್ನ ನರ್ಸ್ ಫಾರಂ ತಂದರು. ಗಂಟಲಿಗೆ ನಳಿಕೆ ಹಾಕಿ ಮೆಷಿನ್ನಿನಿಂದ ಉಸಿರಾಡಿಸಬೇಕು, ಮನೆಯವರ ಸಹಿ ಬೇಕು. ಅವಳ ಅಮ್ಮ ಪೆನ್ನು ತೆಗೆದುಕೊಂಡು ನನ್ನ ಮುಖ ನೋಡಿದರು.

"ನೀವು ಇವ್ರಿಗೆ ಏನಾಗ್ಬೇಕು?" ನರ್ಸ್ ನನ್ನನ್ನು ಕೇಳಿದರು.

ಮದುವೆಯ ಮಾತನ್ನು ಎರಡು ಸಲ ಎತ್ತಿದ್ದೆ. ಎರಡು ಸಲವೂ, "ಕಾಯಿಲೆಯವಳನ್ನ ಕಟ್ಕೊಂಡು ಏನ್ ಮಾಡ್ತೀರಿ," ಎಂದು ತಳ್ಳಿಹಾಕಿದ್ದಳು.

ಮಾಸ್ಕ್ ಸರಿಸು ಎಂದು ಅವಳು ಅಮ್ಮನಿಗೆ ಕಣ್ಣಲ್ಲೇ ಹೇಳಿದಳು.

"ಯಜಮಾನ್ರು ಅಂತ ಬರ್ಕೊಳ್ಳಿ, ಸಿಸ್ಟರ್."

ಅಮ್ಮ ಪೆನ್ನನ್ನು ನನ್ನ ಕೈಗಿಟ್ಟರು. ಸಹಿ ಹಾಕಿದೆ. ನಮ್ಮ ಮದುವೆಗೆ ಇರುವ ಕಾಗದ ಅದೊಂದೇ.